ರಹದಾರಿ: ನಾಲ್ಕು ತಿಂಗಳ ಕಾಗದ

ಮೋಟಾರು ವಾಹನ ಕಾಯ್ದೆಯಂಥ ಒಣ ಪುಸ್ತಕದಲ್ಲಿ ಜಾತ್ರೆಯ ಮಾತು ಬರುತ್ತದೆಂದು ಯಾರೂ ನಿರೀಕ್ಷಿಸುವುದಿಲ್ಲ. ಆದರೆ ಬರುತ್ತದೆ. ಈಗ ಜಾರಿಯಲ್ಲಿರುವ 1988ರ ಕಾಯ್ದೆಯ 87ನೇ ಕಲಮು ತಾತ್ಕಾಲಿಕ ರಹದಾರಿಯನ್ನು ಯಾವ ಯಾವ ಕಾರಣಕ್ಕೆ ಕೊಡಬಹುದು ಎಂದು ಹೇಳುತ್ತದೆ. ಜಾತ್ರೆಗೋ ಧಾರ್ಮಿಕ ಸಮಾರಂಭಕ್ಕೋ ಜನರನ್ನು ಕರೆದೊಯ್ದು ತರಲು, ಸುಗ್ಗಿಯ ವ್ಯಾಪಾರಕ್ಕೆ, ಯಾವುದಾದರೊಂದು ನಿರ್ದಿಷ್ಟ ತಾತ್ಕಾಲಿಕ ಅಗತ್ಯಕ್ಕೆ, ಕೊನೆಯದಾಗಿ, ಹಳೆಯ ರಹದಾರಿಯ ನವೀಕರಣದ ಅರ್ಜಿ ಇನ್ನೂ ತೀರ್ಮಾನವಾಗದೆ ಉಳಿದಿದ್ದರೆ. ಅವಧಿ ಹೆಚ್ಚೆಂದರೆ ನಾಲ್ಕು ತಿಂಗಳು. ಈ ಮಾತುಗಳು 1939ರ ಹಳೆಯ ಕಾಯ್ದೆಯ 62ನೇ ಕಲಮಿನಿಂದ ಹೆಚ್ಚುಕಡಿಮೆ ಹಾಗೆಯೇ ಇಳಿದು ಬಂದಿವೆ. ಹಳೇ ಮೈಸೂರಿನ ರಸ್ತೆ ಸಾರಿಗೆಯ ಮೇಲೆ ಪಿಎಚ್.ಡಿ. ಮಾಡುತ್ತಿರುವ ನಾನು ಈ ಕಲಮನ್ನು ಓದಿದಾಗಲೆಲ್ಲ ನನ್ನ ತಾಯಿಯ ತವರೂರಾದ ಯಲ್ದೂರಿನ ಪಂಚಾಂಗವನ್ನು ಯಾರೋ ಇಂಗ್ಲಿಷಿನಲ್ಲಿ ಬರೆದಿಟ್ಟಂತೆ ಕಾಣುತ್ತದೆ.

ಯಲ್ದೂರು ಶ್ರೀನಿವಾಸಪುರ ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. ಬೇಸಿಗೆಯ ಕೊನೆಯಿಂದ ಆಷಾಢದವರೆಗೆ ಮಾವು. ಕೊಳವೆಬಾವಿಯಲ್ಲಿ ನೀರಿದ್ದವರಿಗೆ ಟೊಮೆಟೊ. ಶಿವರಾತ್ರಿಯ ಹೊತ್ತಿಗೆ ಆವಣಿಯ ದನದ ಜಾತ್ರೆ. ಮದುವೆ ಮುಗಿದರೆ ತಿರುಪತಿ, ಹರಕೆ ಇದ್ದರೆ ಬೋಯಕೊಂಡ ಗಂಗಮ್ಮ, ಹೊಸ ಗಾಡಿ ಬಂದರೆ ಕಾಣಿಪಾಕಂ. ಈ ಕೊನೆಯ ಮೂರೂ ಆಂಧ್ರದಲ್ಲಿವೆ. ಅರ್ಧ ಊರು ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಹೆಣ್ಣು ಕೊಟ್ಟು ತಂದ ಮನೆಗಳು ಪುಂಗನೂರು, ಪಲಮನೇರು, ಮದನಪಲ್ಲಿ ಕಡೆ ಹರಡಿಕೊಂಡಿವೆ. ಇವರ ಸುಗ್ಗಿ, ಜಾತ್ರೆ, ಮದುವೆ ಎಲ್ಲವೂ ಸಂಬಂಧದ ಲೆಕ್ಕದಲ್ಲಿ ಪಕ್ಕದೂರಿನ ವಿಷಯ. ಸಾರಿಗೆ ಇಲಾಖೆಯ ಲೆಕ್ಕದಲ್ಲಿ ಮಾತ್ರ ಅಂತರರಾಜ್ಯ ಸಂಚಾರ.

ಈ ಎರಡು ಲೆಕ್ಕಗಳ ನಡುವಿನ ವ್ಯತ್ಯಾಸವನ್ನು ಯಾರು ತುಂಬುತ್ತಾರೆ ಎಂಬುದೇ ನನ್ನ ಪ್ರಶ್ನೆ. ಕರ್ನಾಟಕದ ಪರ್ಮಿಟ್ ಇರುವ ಒಂದು ಲಾರಿ ಯಲ್ದೂರಿನಿಂದ ಬೀದರಿನವರೆಗೆ ಏಳುನೂರು ಕಿಲೋಮೀಟರಿಗೂ ಹೆಚ್ಚು ದೂರ ಇನ್ನೊಂದು ಕಾಗದ ಕೇಳದೆ ಹೋಗಬಹುದು. ಅದೇ ಲಾರಿ ಮುಳಬಾಗಿಲು ದಾಟಿ, ನಂಗಲಿ ದಾಟಿ, ಮುಂದಿನ ಊರಾದ ಪಲಮನೇರಿಗೆ ಕಾಲಿಡುವಂತಿಲ್ಲ. ಮುಳಬಾಗಿಲು ಅಂದರೆ ಮೂಡಲ ಬಾಗಿಲು. ಬಾಗಿಲು ಎಂದ ಮೇಲೆ ಕಾವಲುಗಾರ ಇರಲೇಬೇಕಲ್ಲ!

ರಹದಾರಿ ಎಂಬ ಪದವನ್ನೇ ನೋಡಿ. ನಮ್ಮ ಸರ್ಕಾರಿ ಕನ್ನಡದಲ್ಲಿ ಪರ್ಮಿಟ್ಟಿಗೆ ಇದೇ ಪದ. ಕೇಳಿದರೆ ಹೆದ್ದಾರಿಯ ತಮ್ಮನಂತೆ, ದಾರಿ ಬಿಟ್ಟುಕೊಡುವ ಕಾಗದದಂತೆ ಕೇಳಿಸುತ್ತದೆ. ಆದರೆ ಇದರೊಳಗಿರುವುದು ಕನ್ನಡದ ದಾರಿಯಲ್ಲ. ಪಾರಸಿಯಲ್ಲಿ ರಾಹ್ ಎಂದರೆ ದಾರಿ, ರಾಹ್‌ದಾರ್ ಎಂದರೆ ದಾರಿ ಕಾಯುವವನು. ಅವನು ಕೇಳುವ ಹಣ ರಾಹ್‌ದಾರಿ. ಮೊಗಲರ ಕಾಲದಲ್ಲಿ ಇದು ಸರಕು ಸಾಗುವ ಹಾದಿಯಲ್ಲಿ ಎತ್ತುತ್ತಿದ್ದ ಸುಂಕ. ಔರಂಗಜೇಬ ಪಟ್ಟಕ್ಕೆ ಬಂದ ಹೊಸದರಲ್ಲೇ ಇದನ್ನು ರದ್ದು ಮಾಡಿದ. ದೂರದ ಸೀಮೆಗಳಲ್ಲಿ ಅಧಿಕಾರಿಗಳು ವಸೂಲಿ ಮಾಡುತ್ತಲೇ ಹೋದರು ಎಂದು ಇತಿಹಾಸಕಾರರು ಬರೆಯುತ್ತಾರೆ. ಕೊನೆಗೆ ವಸೂಲಿಯ ಹೆಸರೇ ಅನುಮತಿಯ ಹೆಸರಾಗಿ ನಮ್ಮಲ್ಲಿ ಉಳಿಯಿತು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆ ಇರುವ ಭಾಷೆಗೆ ಇದೇನೂ ಹೊಸ ಅನುಭವವಲ್ಲ.

ಪರ್ಮಿಟ್ ವ್ಯವಸ್ಥೆ ಹುಟ್ಟಿದ್ದು ರಸ್ತೆಯ ಹಿತಕ್ಕಲ್ಲ, ರೈಲಿನ ಹಿತಕ್ಕೆ. 1920ರ ದಶಕದಲ್ಲಿ ಬಸ್ಸು ಲಾರಿಗಳು ರೈಲ್ವೆಯ ಗಿರಾಕಿಗಳನ್ನು ಕಿತ್ತುಕೊಳ್ಳತೊಡಗಿದವು. ಆಮೇಲೆ ಆರ್ಥಿಕ ಕುಸಿತ ಬಂತು. ರೈಲಿಗೆ ಹಣ ಹೂಡಿದ್ದ ಸರ್ಕಾರ ಗಾಬರಿಯಾಯಿತು. ಮಿಚೆಲ್ ಮತ್ತು ಕರ್ಕ್‌ನೆಸ್ ಎಂಬ ಇಬ್ಬರು ಅಧಿಕಾರಿಗಳು ರೈಲು–ರಸ್ತೆ ಪೈಪೋಟಿಯ ಬಗ್ಗೆ ಕೊಟ್ಟ ವರದಿ 1933ರಲ್ಲಿ ಬಂತು. 1937ರಲ್ಲಿ ವೆಜ್‌ವುಡ್ ಸಮಿತಿಯದು. ಇವುಗಳ ಬೆನ್ನಿಗೇ 1939ರ ಕಾಯ್ದೆ. ಬಾಡಿಗೆಗೆ ಓಡುವ ಪ್ರತಿ ವಾಹನಕ್ಕೂ ಎಲ್ಲಿಂದ ಎಲ್ಲಿಗೆ, ಏನು ಹೊತ್ತು, ಎಷ್ಟು ದಿನ ಎಂಬ ಕಟ್ಟು ಬಂದದ್ದು ಈ ಕಾಯ್ದೆಯಲ್ಲಿ. ಹೀಗೆ ಬಿಗಿಯಾಗಿ ಕಟ್ಟಿದ ಮೇಲೆ ಎಲ್ಲೋ ಒಂದು ಕಿಂಡಿ ಬೇಕಾಗುತ್ತದೆ. ಜಾತ್ರೆಯ ದಿನ ಹತ್ತು ಸಾವಿರ ಜನ ಬಂದರೆ ಇರುವ ನಾಲ್ಕು ಬಸ್ಸು ಸಾಲುವುದಿಲ್ಲ. ಸುಗ್ಗಿಯಲ್ಲಿ ಹಣ್ಣು ಕೊಳೆಯುವುದು ಸಾರಿಗೆ ಪ್ರಾಧಿಕಾರದ ಸಭೆಗೆ ಕಾಯುವುದಿಲ್ಲ. ಕಾಯಂ ಪರ್ಮಿಟ್ಟಿಗೆ ಅರ್ಜಿ ಪ್ರಕಟಿಸಬೇಕು, ಆಕ್ಷೇಪಣೆ ಕೇಳಬೇಕು, ವಿಚಾರಣೆ ನಡೆಸಬೇಕು. ತಾತ್ಕಾಲಿಕಕ್ಕೆ ಇದಾವುದೂ ಬೇಡ ಎಂದು 62ನೇ ಕಲಮು ಹೇಳಿತು. ಆ ಕಿಂಡಿಯನ್ನು ಬರೆದವರಿಗೆ ಹಳ್ಳಿಯ ವರ್ಷ ಹೇಗೆ ತಿರುಗುತ್ತದೆಂಬ ಅಂದಾಜು ಇತ್ತು ಅನ್ನಿಸುತ್ತದೆ. ವಸಾಹತು ಕಾನೂನಿನ ಬಗ್ಗೆ ನಾನು ಮೆಚ್ಚಿ ಹೇಳಬಹುದಾದ ಕೆಲವೇ ಮಾತುಗಳಲ್ಲಿ ಇದೊಂದು.

ಆದರೆ ಕೋಲಾರಕ್ಕೆ ಈ ಕಿಂಡಿಯ ಆಚೆಗೆ ಇನ್ನೊಂದು ಗೋಡೆಯಿತ್ತು. ಜಿಲ್ಲೆಯ ಪೂರ್ವ ಮತ್ತು ದಕ್ಷಿಣದ ಅಂಚು ಮೈಸೂರು ಸಂಸ್ಥಾನಕ್ಕೂ ಮದ್ರಾಸ್ ಪ್ರಾಂತ್ಯಕ್ಕೂ ನಡುವಿನ ಗಡಿ. ಆಚೆ ಬ್ರಿಟಿಷರ ಕಾನೂನು, ಈಚೆ ಮಹಾರಾಜರ ಕಾನೂನು. ಮದ್ರಾಸ್ ಪ್ರಾಂತ್ಯ 1931ರ ತನ್ನ ಮೋಟಾರು ವಾಹನ ತೆರಿಗೆ ಕಾಯ್ದೆಯಿಂದ ಸ್ಥಳೀಯ ಬೋರ್ಡುಗಳ ಟೋಲ್‌ಗೇಟುಗಳನ್ನು ತೆಗೆದುಹಾಕಿ, ಬದಲಿಗೆ ವಾಹನದ ಮೇಲೆ ಒಂದೇ ತೆರಿಗೆ ಹಾಕಿತು. ಗೇಟಿನ ವರಮಾನ ಕಳೆದುಕೊಂಡ ಬೋರ್ಡುಗಳಿಗೆ ಅದರಿಂದ ಪರಿಹಾರ ಕೊಟ್ಟಿತು. ಒಳ್ಳೆಯ ಸುಧಾರಣೆಯೇ. ದಾರಿಯಲ್ಲಿ ಹತ್ತು ಕಡೆ ನಿಲ್ಲಿಸಿ ಕೇಳುತ್ತಿದ್ದ ಹಣ ಒಂದೇ ಕಡೆ ಒಂದೇ ಸಲ ಕೊಡುವ ಹಣವಾಯಿತು. ಆದರೆ ಅದರ ಇನ್ನೊಂದು ಪರಿಣಾಮವನ್ನು ಗಮನಿಸಬೇಕು. ಟೋಲ್‌ಗೇಟು ಕೇಳುತ್ತಿದ್ದದ್ದು ಅಲ್ಲಿ ದಾಟಿದವನನ್ನು. ಹೊಸ ತೆರಿಗೆ ಕೇಳುವುದು ಆ ಸೀಮೆಯೊಳಗೆ ಗಾಡಿ ಇಟ್ಟುಕೊಂಡವನನ್ನು. ಅಲ್ಲಿಂದ ಮುಂದೆ ವಾಹನಕ್ಕೆ ಊರಿನ ಜೊತೆ ಒಂದು ಸರ್ಕಾರವೂ ಅಂಟಿಕೊಂಡಿತು. ಬೇರೆ ಸರ್ಕಾರದ ವಾಹನ ಬಂದರೆ ಅದನ್ನು ಅತಿಥಿ ಎನ್ನಬೇಕೋ, ತೆರಿಗೆ ಕೊಡದೆ ನುಸುಳಿದವನು ಎನ್ನಬೇಕೋ ಎಂಬ ಪ್ರಶ್ನೆ ಎದ್ದಿತು. ಅದು ಇವತ್ತಿಗೂ ಬಗೆಹರಿದಿಲ್ಲ.

ಸ್ವಾತಂತ್ರ್ಯದ ನಂತರ ಮೈಸೂರು 'ಬಿ' ವರ್ಗದ ರಾಜ್ಯವಾಗಿ, ಅಂಥ ರಾಜ್ಯಗಳಿಗೆ ಕೇಂದ್ರದ ಕಾನೂನುಗಳನ್ನು ವಿಸ್ತರಿಸುವ ಕಾಯ್ದೆ 1951ರ ಏಪ್ರಿಲ್ 1ರಂದು ಜಾರಿಗೆ ಬಂದ ಮೇಲೆ, ಗಡಿಯ ಎರಡೂ ಬದಿಗೆ ಒಂದೇ ಮೋಟಾರು ಕಾಯ್ದೆಯಾಯಿತು. 1953ರ ಅಕ್ಟೋಬರಿನಲ್ಲಿ ಚಿತ್ತೂರು ಜಿಲ್ಲೆ ಆಂಧ್ರಕ್ಕೆ ಹೋಯಿತು, ಹೊಸೂರು ಮದ್ರಾಸಿನಲ್ಲೇ ಉಳಿಯಿತು. ಹಾಗಾಗಿ ಕೋಲಾರ ಜಿಲ್ಲೆಗೆ ಒಂದಿದ್ದ ನೆರೆಯ ಸರ್ಕಾರ ಎರಡಾಯಿತು. ಕಾಯ್ದೆ ಒಂದೇ ಆದರೂ ತೆರಿಗೆ ಒಂದೇ ಆಗಲಿಲ್ಲ. ಸಂವಿಧಾನದ ಏಳನೇ ಅನುಸೂಚಿಯಲ್ಲಿ ವಾಹನ ತೆರಿಗೆ ರಾಜ್ಯಪಟ್ಟಿಯ 57ನೇ ನಮೂದು. ಆ ತೆರಿಗೆ ಯಾವ ತತ್ವದ ಮೇಲೆ ಇರಬೇಕು ಎಂಬುದು ಮಾತ್ರ ಸಮವರ್ತಿ ಪಟ್ಟಿಯ 35ನೇ ನಮೂದು. ಇದೇ ಸಂವಿಧಾನದ 301ನೇ ವಿಧಿ ಭಾರತದಾದ್ಯಂತ ವ್ಯಾಪಾರ, ವಾಣಿಜ್ಯ, ಸಂಚಾರ ಮುಕ್ತವಾಗಿರಬೇಕು ಎನ್ನುತ್ತದೆ. ಗಡಿಯ ಗೇಟು ನಿಂತಿರುವುದು ಇವುಗಳ ನಡುವೆ.

ಈ ಜಗಳ ಸುಪ್ರೀಂ ಕೋರ್ಟಿಗೆ ಹೋದದ್ದು ಕೋಲಾರದಿಂದಲ್ಲ, ರಾಜಸ್ಥಾನದಿಂದ. ಆದರೆ ಆ ಮೊಕದ್ದಮೆಯ ನಕ್ಷೆ ನಮ್ಮದರಂತೆಯೇ ಇದೆ. ಆಗ ಅಜ್ಮೇರ್ ಪ್ರತ್ಯೇಕ ರಾಜ್ಯ. ಅಲ್ಲಿನ ಬಸ್ ಮಾಲೀಕರ ಒಂದು ಮಾರ್ಗ ನಸೀರಾಬಾದಿನಿಂದ ದೇವಳಿಗೆ. ಬಹುಪಾಲು ಅಜ್ಮೇರಿನೊಳಗೇ ಇದ್ದರೂ ನಡುನಡುವೆ ರಾಜಸ್ಥಾನದ ಕಿರಿದಾದ ಪಟ್ಟಿಗಳು ಅಡ್ಡ ಬರುತ್ತಿದ್ದವು. ಆ ಪಟ್ಟಿಗಳನ್ನು ದಾಟಿದ್ದಕ್ಕೆ ರಾಜಸ್ಥಾನ ತನ್ನ 1951ರ ಕಾಯ್ದೆಯಂತೆ ತೆರಿಗೆ ಕೇಳಿತು. ಮಾಲೀಕರು 301ನೇ ವಿಧಿ ಹಿಡಿದು ಕೋರ್ಟಿಗೆ ಹೋದರು. 1962ರಲ್ಲಿ ಏಳು ನ್ಯಾಯಮೂರ್ತಿಗಳ ಪೀಠ ನಾಲ್ಕು–ಮೂರರ ಬಹುಮತದಿಂದ ಅವರ ವಾದ ತಳ್ಳಿಹಾಕಿತು. ರಸ್ತೆಯನ್ನು ರಾಜ್ಯ ಮಾಡಿಸಿದೆ, ನೀವು ಬಳಸುತ್ತೀರಿ, ಬಳಕೆಗೆ ಪ್ರತಿಯಾಗಿ ತೆಗೆದುಕೊಳ್ಳುವ ಹಣ ಮುಕ್ತ ಸಂಚಾರಕ್ಕೆ ಅಡ್ಡಿಯಲ್ಲ ಎಂಬುದು ತೀರ್ಪಿನ ಸಾರ. ಇದಕ್ಕೆ ಪರಿಹಾರಾತ್ಮಕ ತೆರಿಗೆ ಎಂಬ ಹೆಸರು ಬಂತು. ಐವತ್ತು ವರ್ಷಕ್ಕೂ ಹೆಚ್ಚು ಕಾಲ ಗಡಿ ತೆರಿಗೆಗಳಿಗೆಲ್ಲ ಇದೇ ಊರುಗೋಲು. 2016ರ ನವೆಂಬರಿನಲ್ಲಿ ಜಿಂದಾಲ್ ಸ್ಟೇನ್‌ಲೆಸ್ ಪ್ರಕರಣದಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಈ ಸಿದ್ಧಾಂತವನ್ನೇ ಕೈಬಿಟ್ಟಿತು. ಆದರೆ ಗೇಟು ಏಳಲಿಲ್ಲ, ಏಕೆಂದರೆ ಹೊಸ ತೀರ್ಪಿನ ಪ್ರಕಾರ ತಾರತಮ್ಯವಿಲ್ಲದ ತೆರಿಗೆಯಾಗಿದ್ದರೆ ಅದಕ್ಕೆ ಊರುಗೋಲೇ ಬೇಕಿಲ್ಲ.

ನನಗೆ 1962ರ ತೀರ್ಪಿನ ತರ್ಕದ ಬಗ್ಗೆ ಒಂದು ತಕರಾರಿದೆ. ಬಳಸಿದ್ದಕ್ಕೆ ಕೊಡು ಎನ್ನುವುದು ನ್ಯಾಯವೇ. ಆದರೆ ಗಡಿಯಲ್ಲಿ ಕೇಳುವ ತೆರಿಗೆ ಎಷ್ಟು ಕಿಲೋಮೀಟರ್ ಬಳಸಿದೆ ಎಂದು ಕೇಳುವುದಿಲ್ಲ. ಅದು ದಿನದ ಲೆಕ್ಕ, ವಾರದ ಲೆಕ್ಕ, ಸೀಟಿನ ಲೆಕ್ಕ, ತೂಕದ ಲೆಕ್ಕ. ಬೆಂಗಳೂರಿನಿಂದ ವಿಶಾಖಪಟ್ಟಣಕ್ಕೆ ಹೋಗುವವನಿಗೂ ಯಲ್ದೂರಿನಿಂದ ಪುಂಗನೂರಿಗೆ ಬೀಗರ ಮನೆಗೆ ಹೋಗುವವನಿಗೂ ಗೇಟಿನಲ್ಲಿ ಒಂದೇ ದರ. ಮೊದಲನೆಯವನಿಗೆ ಅದು ಡೀಸೆಲ್ಲಿನಲ್ಲಿ ಕರಗಿಹೋಗುವ ಖರ್ಚು. ಎರಡನೆಯವನಿಗೆ ಕೆಲವು ಸಲ ಡೀಸೆಲ್ಲಿಗಿಂತ ದೊಡ್ಡ ಖರ್ಚು.

ಈಗ ಕಾಗದ ಕೈಗೆ ಬರುವ ಬಗೆ. ಒಂದು ಪ್ರದೇಶದ ಪ್ರಾಧಿಕಾರ ಕೊಟ್ಟ ತಾತ್ಕಾಲಿಕ ಪರ್ಮಿಟ್ ಇನ್ನೊಂದು ರಾಜ್ಯದಲ್ಲಿ ನಡೆಯಬೇಕಾದರೆ ಆ ರಾಜ್ಯದ ಪ್ರಾಧಿಕಾರದ ಸಮ್ಮತಿ ಬೇಕು. ಸಾಮಾನ್ಯ ಸಮ್ಮತಿ ಮೊದಲೇ ಇದ್ದರೆ ಸರಿ, ಇಲ್ಲದಿದ್ದರೆ ಆ ಸಂದರ್ಭಕ್ಕೆಂದೇ ಪಡೆಯಬೇಕು. ಬಾಡಿಗೆ ಬಸ್ಸು, ವ್ಯಾನಿಗೆ ಸ್ಪೆಷಲ್ ಪರ್ಮಿಟ್ ಎಂಬ ಇನ್ನೊಂದು ದಾರಿ: ಇಡೀ ಗಾಡಿಯನ್ನು ಒಂದೇ ಗುಂಪು ಗೊತ್ತು ಮಾಡಿಕೊಂಡಿದ್ದರೆ, ದಾರಿಯಲ್ಲಿ ಬೇರೆಯವರನ್ನು ಹತ್ತಿಸಿಕೊಳ್ಳದಿದ್ದರೆ, ಆಚೆ ರಾಜ್ಯದ ಮೇಲುಸಹಿ ಇಲ್ಲದೆಯೇ ಇದು ನಡೆಯುತ್ತದೆ. ಸಹಿ ಬೇಡ ಎಂದರೆ ಆ ರಾಜ್ಯದ ತೆರಿಗೆಯೂ ಬೇಡ ಎಂದರ್ಥವಲ್ಲ. ಹೀಗೆ ಒಂದು ತಿರುಪತಿ ಪ್ರಯಾಣಕ್ಕೆ ಪರ್ಮಿಟ್ಟಿನ ಶುಲ್ಕ ಒಂದು ಕಡೆ, ಆಚೆ ರಾಜ್ಯದ ತೆರಿಗೆ ಇನ್ನೊಂದು ಕಡೆ, ಇವೆರಡನ್ನೂ ಮಾಡಿಸಿಕೊಡುವ ಏಜೆಂಟರ ಕೂಲಿ ಮತ್ತೊಂದು ಕಡೆ.

ನನ್ನ ದೊಡ್ಡಮಾವ ಮೂವತ್ತು ವರ್ಷ ಗಾಡಿ ಓಡಿಸಿದವರು. ಮೊದಲು ಬೇರೆಯವರ ಲಾರಿ, ಆಮೇಲೆ ಸ್ವಂತದ ಪಿಕಪ್ಪು. ಸಂಶೋಧನೆಯ ಪ್ರಶ್ನಾವಳಿ ಹಿಡಿದು ಕೂತ ನನಗೆ ಅವರು ಕೊಟ್ಟ ಲೆಕ್ಕ ಪ್ರಶ್ನಾವಳಿಯಲ್ಲಿರಲಿಲ್ಲ. "ನೋಡಮ್ಮಾ, ಟಿ.ಪಿ. ದುಡ್ಡು ದುಡ್ಡೇ ಅಲ್ಲ. ಕೋಲಾರಕ್ಕೆ ಹೋಗಿಬರೋಕೆ ಒಂದು ದಿನ. ಸಾಹೇಬ್ರು ಇಲ್ಲ ಅಂದ್ರೆ ಇನ್ನೊಂದು ದಿನ. ಆ ಎರಡು ದಿನ ಗಾಡಿ ಮನೆ ಮುಂದೆ ನಿಂತಿರುತ್ತೆ, ಹಣ್ಣು ತೋಟದಲ್ಲಿ ಹಣ್ಣಾಗ್ತಾ ಇರುತ್ತೆ. ಅದನ್ನ ಯಾವ ರಸೀದಿಲಿ ಬರೀತೀಯ?" ಟಿ.ಪಿ. ಎಂದರೆ ಟೆಂಪರ್ವರಿ ಪರ್ಮಿಟ್. ಮಾವನ ತಲೆಮಾರಿನ ಡ್ರೈವರುಗಳು ಪೂರ್ತಿ ಹೆಸರು ಹೇಳುವುದೇ ಇಲ್ಲ. ರಸೀದಿಯಲ್ಲಿ ಬರೆಯಲಾಗದ ಇನ್ನೊಂದು ಖರ್ಚಿನ ಬಗ್ಗೆಯೂ ಕೇಳಿದೆ. ಅವರು ನಕ್ಕು, ಕೈ ಕಿಟಕಿಯಿಂದ ಹೊರಗೆ ಚಾಚುವ ಅಭಿನಯ ಮಾಡಿ ತೋರಿಸಿದರು.

ಸಣ್ಣ ಶುಲ್ಕಕ್ಕೂ ದೊಡ್ಡ ಖರ್ಚಿಗೂ ನಡುವಿನ ಈ ಅಂತರ ಆಡಳಿತಕ್ಕೆ ಗೊತ್ತಿರಲಿಲ್ಲ ಎಂದಲ್ಲ. 1959ರಲ್ಲಿ ಎಂ.ಆರ್. ಮಸಾನಿ ಅಧ್ಯಕ್ಷತೆಯ ಸಮಿತಿ, 1967ರಲ್ಲಿ ಬಿ.ವಿ. ಕೇಸ್ಕರ್ ಅಧ್ಯಕ್ಷತೆಯ ಸಮಿತಿ, ಎರಡೂ ರಸ್ತೆ ಸಾರಿಗೆಯ ಮೇಲಿನ ತಡೆಗಳ ಬಗ್ಗೆ ಬರೆದವು. ರಾಜ್ಯಗಳ ನಡುವೆ ಒಪ್ಪಂದ, ವಲಯ ಪರ್ಮಿಟ್, ಕೊನೆಗೆ 1975ರಲ್ಲಿ ರಾಷ್ಟ್ರೀಯ ಪರ್ಮಿಟ್ ಬಂತು. 1988ರ ಕಾಯ್ದೆಯಲ್ಲಿ ರಾಷ್ಟ್ರೀಯ ಪರ್ಮಿಟ್ಟಿಗೆ ಸ್ವಂತ ರಾಜ್ಯವೂ ಸೇರಿ ಕನಿಷ್ಠ ನಾಲ್ಕು ರಾಜ್ಯ ಇರಬೇಕು. ಪ್ರತಿ ರಾಜ್ಯಕ್ಕೂ ಬೇರೆ ಬೇರೆ ಸಂಯುಕ್ತ ಶುಲ್ಕ, ಬೇರೆ ಬೇರೆ ಬ್ಯಾಂಕ್ ಡ್ರಾಫ್ಟು. 2010ರ ಮೇ ತಿಂಗಳಲ್ಲಿ ಇದು ಸರಳವಾಯಿತು: ದೇಶಕ್ಕೆಲ್ಲ ಸೇರಿ ವರ್ಷಕ್ಕೆ 15,000 ರೂಪಾಯಿ, ನಂತರ 16,500, ಜೊತೆಗೆ 1,000 ರೂಪಾಯಿಯ ಅಧಿಕಾರಪತ್ರದ ಶುಲ್ಕ. ಹಣ ಒಂದೇ ಖಾತೆಗೆ ಬಂದು ರಾಜ್ಯಗಳಿಗೆ ಹಂಚಿಕೆಯಾಗುತ್ತದೆ. ಲಾರಿ ಉದ್ಯಮಕ್ಕೆ ಇದು ನಿಜಕ್ಕೂ ಉಪಕಾರ. ಎನ್.ಪಿ. ಗಾಡಿ ಎಂದರೆ ಮಂಡಿಯಲ್ಲಿ ಗೌರವ.

ಆದರೆ ಭಾಗಾಕಾರ ಮಾಡಿ ನೋಡೋಣ. 17,500 ರೂಪಾಯಿಯನ್ನು ವರ್ಷಕ್ಕೆ ಮುನ್ನೂರು ದಿನ ರಾಜ್ಯ ದಾಟುವ ಲಾರಿಗೆ ಹಂಚಿದರೆ ದಿನಕ್ಕೆ 58 ರೂಪಾಯಿ. ಮಾವಿನ ಕಾಲದಲ್ಲಿ ನಲವತ್ತು ದಿನ ಮಾತ್ರ ಗಡಿ ದಾಟಿ, ಉಳಿದಂತೆ ಕೋಲಾರ–ಬೆಂಗಳೂರು ಓಡುವ ಲಾರಿಗೆ ದಿನಕ್ಕೆ 437 ರೂಪಾಯಿ 50 ಪೈಸೆ. ಯಾವ ಅಧಿಕಾರಿಯೂ ಇಲ್ಲಿ ಅನ್ಯಾಯ ಮಾಡಿಲ್ಲ. ದೂರ ಹೋಗುವವನನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಸುಧಾರಣೆ ಹತ್ತಿರ ಹೋಗುವವನನ್ನು ಮುಟ್ಟಲಿಲ್ಲ, ಅಷ್ಟೆ. ಅವನು ಹಳೆಯ ಟಿ.ಪಿ.ಗೇ ಅಂಟಿಕೊಂಡ. ಅಥವಾ ಗಾಡಿಯನ್ನೇ ಬದಲಾಯಿಸಿದ.

ಈ ಗಾಡಿ ಬದಲಾಯಿಸುವ ಮಾತಿಗೆ ಸ್ವಲ್ಪ ನಿಲ್ಲಬೇಕು. ಕಾಯ್ದೆಯ 66ನೇ ಕಲಮಿನಲ್ಲಿ ಒಂದು ವಿನಾಯಿತಿ ಇದೆ: ಸರಕೂ ಸೇರಿ ಒಟ್ಟು ತೂಕ 3,000 ಕಿಲೋ ಮೀರದ ಸರಕು ವಾಹನಕ್ಕೆ ಪರ್ಮಿಟ್ಟೇ ಬೇಡ. 2005ರಲ್ಲಿ ಟಾಟಾ ಏಸ್ ಬಂದದ್ದು ಈ ಗೆರೆಯ ಕೆಳಗೆ. ಆಮೇಲೆ ಬಂದ ಪಿಕಪ್ಪುಗಳಲ್ಲಿ ಹಲವು ಈ ಗೆರೆಯನ್ನು ಮುಟ್ಟಿಯೂ ಮುಟ್ಟದಂತೆ ನಿಂತಿವೆ. ಕೋಲಾರದ ಟೊಮೆಟೊ ಮಾರುಕಟ್ಟೆಯ ಮುಂದೆ ಬೆಳಗಿನ ಜಾವ ನಿಂತರೆ ಈ ಗೆರೆ ಕಣ್ಣಿಗೇ ಕಾಣುತ್ತದೆ. ಕ್ರೇಟು ತರುವವೆಲ್ಲ ಸಣ್ಣ ಗಾಡಿಗಳು, ಕ್ರೇಟು ಹೊತ್ತು ಹೊರರಾಜ್ಯಕ್ಕೆ ಹೋಗುವವೆಲ್ಲ ಎನ್.ಪಿ. ಲಾರಿಗಳು. ನಡುವಿನ ಗಾತ್ರದ ಹಳೆಯ ಲಾರಿ, ನಾಲ್ಕೈದು ಊರಿನವರ ಹಣ್ಣನ್ನು ಒಟ್ಟಿಗೆ ತುಂಬಿಕೊಂಡು ಮದನಪಲ್ಲಿಗೋ ಚಿತ್ತೂರಿಗೋ ಹೋಗುತ್ತಿದ್ದದ್ದು, ಯಲ್ದೂರಿನಂಥ ಊರಿನಲ್ಲಿ ಕಡಿಮೆಯಾಗಿದೆ. ಸಾಲ, ಡೀಸೆಲ್, ರಸ್ತೆ ಎಲ್ಲವೂ ಇದಕ್ಕೆ ಕಾರಣವಿರಬಹುದು. ಆದರೆ ಮಾವ ಲಾರಿ ಬಿಟ್ಟು ಪಿಕಪ್ಪು ಕೊಂಡದ್ದಕ್ಕೆ ಅವರೇ ಕೊಟ್ಟ ಮೊದಲ ಕಾರಣ, "ಇದಕ್ಕೆ ಪರ್ಮಿಟ್ ಕೇಳಂಗಿಲ್ಲ" ಎಂಬುದು.

ಜನ ಸಾಗಿಸುವ ಗಾಡಿಗಳ ಕಥೆ ಬೇರೆ. 1976ರ ಜನವರಿಯಲ್ಲಿ, ತುರ್ತುಪರಿಸ್ಥಿತಿಯ ನಡುವೆ, ಕರ್ನಾಟಕ ಸರ್ಕಾರ ಖಾಸಗಿ ಕಾಂಟ್ರಾಕ್ಟ್ ಬಸ್ಸುಗಳನ್ನು ಸುಗ್ರೀವಾಜ್ಞೆಯಿಂದ ವಶಪಡಿಸಿಕೊಂಡಿತು. ಕಾಂಟ್ರಾಕ್ಟ್ ಎಂದು ಹೇಳಿ ಊರೂರಿಗೆ ನಿಲ್ಲಿಸಿ ಜನ ಹತ್ತಿಸುತ್ತಾರೆ ಎಂಬುದು ಸರ್ಕಾರದ ಆರೋಪ. ಹೈಕೋರ್ಟು ಆ ಕಾಯ್ದೆಯನ್ನು ಹೊಡೆದುಹಾಕಿತು. 1977ರ ಅಕ್ಟೋಬರಿನಲ್ಲಿ ರಂಗನಾಥ ರೆಡ್ಡಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಎತ್ತಿಹಿಡಿಯಿತು. ಸಂವಿಧಾನದ ವಿದ್ಯಾರ್ಥಿಗಳು ಈ ತೀರ್ಪನ್ನು ಓದುವುದು ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರ ಪ್ರತ್ಯೇಕ ಅಭಿಪ್ರಾಯಕ್ಕಾಗಿ. ಊರಿನ ಮಟ್ಟದಲ್ಲಿ ಅದರ ಅರ್ಥ, ಮದುವೆಗೆ ಬಸ್ಸು ಬೇಕಾದರೆ ಸರ್ಕಾರಿ ಡಿಪೋಗೆ ಹೋಗಿ ಮುಂಗಡ ಕಟ್ಟು ಎಂಬುದು. ಆ ಕಾಯ್ದೆಯನ್ನು ಶಾಸನಸಭೆ 2003ರಲ್ಲಿ ರದ್ದು ಮಾಡಿತು; ಆ ರದ್ದತಿಯ ಮೇಲಿನ ವ್ಯಾಜ್ಯ 2025ರವರೆಗೂ ನಡೆಯಿತು. ಮಾಮೂಲಿ ಬಸ್ಸಿನ ವಿಷಯದಲ್ಲಿ ರಾಷ್ಟ್ರೀಕೃತ ಮಾರ್ಗಗಳ ಯೋಜನೆ, ನಮ್ಮ ಕಡೆಯವರು ಕೋಲಾರ ಸ್ಕೀಮು ಎನ್ನುವುದು, ಖಾಸಗಿಯವರನ್ನು ಹೊರಗಿಟ್ಟಿತು. ಅಲ್ಲಿಯೂ ಕಾನೂನು ಬಿಟ್ಟ ಒಂದೇ ಕಿಂಡಿ ತಾತ್ಕಾಲಿಕ ಪರ್ಮಿಟ್: ಸರ್ಕಾರಿ ನಿಗಮ ಆ ಮಾರ್ಗಕ್ಕೆ ಅರ್ಜಿ ಹಾಕದಿದ್ದರೆ ಖಾಸಗಿಯವರಿಗೆ ಕೊಡಬಹುದು, ನಿಗಮ ಬಂದ ದಿನ ಅದು ಮುಗಿಯುತ್ತದೆ. ನಾಲ್ಕು ತಿಂಗಳ ಕಾಗದದ ಮೇಲೆ ಬಸ್ಸಿನ ಸಾಲ ತೀರಿಸಬೇಕಾದವರ ಅವಸ್ಥೆ ಊಹಿಸಿಕೊಳ್ಳಿ.

ಈಗ ಎಲ್ಲವೂ ಪರಿವಾಹನ್ ಜಾಲತಾಣದಲ್ಲಿ. 2017ರ ಜುಲೈನಲ್ಲಿ ಜಿ.ಎಸ್.ಟಿ. ಬಂದಾಗ ಹಲವು ರಾಜ್ಯಗಳು ವಾಣಿಜ್ಯ ತೆರಿಗೆಯ ತನಿಖಾ ಠಾಣೆಗಳನ್ನು ಕೆಲವೇ ದಿನಗಳಲ್ಲಿ ತೆಗೆದವು. ವಾಹನ ತೆರಿಗೆ ಜಿ.ಎಸ್.ಟಿ.ಯೊಳಗೆ ಸೇರಲಿಲ್ಲವಾದ್ದರಿಂದ ಅದನ್ನು ನೋಡುವ ಕಣ್ಣು ಮುಚ್ಚಲಿಲ್ಲ. ಆದರೂ ಒಂದು ದಿನ ಪೂರ್ತಿ ಹಾಳಾಗುತ್ತಿದ್ದ ಕೆಲಸ ಈಗ ಮೊಬೈಲಿನಲ್ಲಿ ಅರ್ಧ ಗಂಟೆಗೆ ಮುಗಿಯುತ್ತದೆ. ಮಾವನಂಥವರು ಇನ್ನೂ ಅದಕ್ಕೆ ಸೈಬರ್ ಸೆಂಟರಿನ ಹುಡುಗನಿಗೆ ದುಡ್ಡು ಕೊಡುತ್ತಾರೆ ಎಂಬುದು ಬೇರೆ ಮಾತು. ಪ್ರವಾಸಿ ವಾಹನಗಳಿಗೆ 2021ರ ಏಪ್ರಿಲಿನಿಂದ ಅಖಿಲ ಭಾರತ ಪರ್ಮಿಟ್ಟಿನ ಹೊಸ ನಿಯಮ ಬಂತು, 2023ರ ಮೇನಲ್ಲಿ ಮತ್ತೆ ಪರಿಷ್ಕೃತವಾಯಿತು. ಒಮ್ಮೆ ಹಣ ಕಟ್ಟಿದರೆ ಯಾವ ಗಡಿಯಲ್ಲೂ ತೆರಿಗೆ ಕೇಳಬಾರದು ಎಂಬುದು ಅದರ ಉದ್ದೇಶ. 2021ರ ನಿಯಮದಲ್ಲಿ ಅದರ ಕನಿಷ್ಠ ಅವಧಿ ಮೂರು ತಿಂಗಳು. ವರ್ಷವಿಡೀ ಓಡುವ ಟ್ರಾವೆಲ್ಸ್ ಕಂಪನಿಗೆ ಇದು ಅನುಕೂಲ. ವರ್ಷಕ್ಕೆ ಆರು ಸಲ ತಿರುಪತಿಗೆ ಹೋಗುವ ಊರಿನ ಒಂದೇ ಒಂದು ಟೆಂಪೋ ಟ್ರಾವೆಲರ್‌ಗೆ? ಅದು ಇನ್ನೂ ಪ್ರತಿ ಸಲ ಸ್ಪೆಷಲ್ ಪರ್ಮಿಟ್ ಎತ್ತಿಸಿ, ಆಚೆಯ ತೆರಿಗೆ ಕಟ್ಟಿಯೇ ಹೋಗಬೇಕು. ಇಲ್ಲವೆ ಜನ ವೈಟ್ ಬೋರ್ಡ್ ಕಾರಿನಲ್ಲಿ 'ನೆಂಟರು' ಎಂದು ಹೇಳಿಕೊಂಡು ಹೋಗುತ್ತಾರೆ. ಪರ್ಮಿಟ್ ಇಲ್ಲದೆ ಬಾಡಿಗೆ ಓಡಿಸಿ ಸಿಕ್ಕಿಬಿದ್ದರೆ 2019ರ ತಿದ್ದುಪಡಿಯ ನಂತರ ದಂಡ 10,000 ರೂಪಾಯಿ. ಹಾಗಾಗಿ ಹೊರಡುವ ಮೊದಲು ಕಾರಿನಲ್ಲಿ ಎಲ್ಲರೂ ಒಬ್ಬರಿಗೊಬ್ಬರು ಏನಾಗಬೇಕು ಎಂಬುದನ್ನು ಬಾಯಿಪಾಠ ಮಾಡಿಕೊಳ್ಳುತ್ತಾರೆ. ನಮ್ಮ ಕಡೆ ಇದಕ್ಕೆ ಹೆಚ್ಚು ಸುಳ್ಳು ಹೇಳಬೇಕಾಗುವುದೂ ಇಲ್ಲ, ಎಲ್ಲರೂ ಹೇಗೋ ನೆಂಟರೇ!

ಸಂಶೋಧಕಿಯಾಗಿ ನನ್ನ ಕಷ್ಟ ಇನ್ನೊಂದು. ಕಾಯಂ ಪರ್ಮಿಟ್ಟಿಗೆ ಇತಿಹಾಸವಿದೆ. ಅದಕ್ಕೆ ಅರ್ಜಿ, ಆಕ್ಷೇಪಣೆ, ಮೇಲ್ಮನವಿ ಎಲ್ಲ ಇರುವುದರಿಂದ ಅದು ಗೆಜೆಟ್ಟಿನಲ್ಲೂ ಕಾನೂನು ವರದಿಗಳಲ್ಲೂ ಉಳಿದಿದೆ. ತಾತ್ಕಾಲಿಕಕ್ಕೆ ವಿಚಾರಣೆಯೇ ಇಲ್ಲ, ಅವಧಿ ಮುಗಿದ ಮೇಲೆ ಅದನ್ನು ಇಟ್ಟುಕೊಳ್ಳಲು ಯಾರಿಗೂ ಕಾರಣವಿಲ್ಲ. ಗ್ಲೋವ್ ಬಾಕ್ಸಿನಲ್ಲಿ ಬೀಡಿ ಕಟ್ಟಿನ ಜೊತೆ ಮುದುಡಿ ಹೋಗುತ್ತದೆ. ಸಣ್ಣ ಮಾಲೀಕರ, ಸಣ್ಣ ಪ್ರಯಾಣಗಳ ಚರಿತ್ರೆ ಇದ್ದದ್ದು ಈ ಕಾಗದಗಳಲ್ಲೇ. ಮಾವನ ಟ್ರಂಕಿನಲ್ಲಿ ಸಿಕ್ಕ ತೊಂಬತ್ತರ ದಶಕದ ಒಂದು ಕಟ್ಟಿನಲ್ಲಿ ಪರ್ಮಿಟ್ಟಿನ ಜೊತೆ ಪಿನ್ನು ಚುಚ್ಚಿದ ಪ್ರಯಾಣಿಕರ ಪಟ್ಟಿಯೊಂದಿತ್ತು. ಪ್ರವಾಸಿ ವಾಹನದಲ್ಲಿ ಪ್ರತಿ ಪ್ರಯಾಣಕ್ಕೂ ಇಂಥ ಪಟ್ಟಿ ಇರಬೇಕೆಂಬುದು ನಿಯಮ. ಹೆಸರು, ವಯಸ್ಸು, ಊರು. ಪೊಲೀಸರಿಗೆಂದು ಬರೆದದ್ದಾದರೂ ನಾನು ಅದನ್ನು ಓದಿದ್ದು ಜನಗಣತಿಯಂತೆ: ಯಾವ ಮನೆಯವರು ಯಾರ ಜೊತೆ ಹೊರಟರು, ಎಷ್ಟು ಜನ ಹೆಂಗಸರು, ಎಪ್ಪತ್ತು ದಾಟಿದವರೆಷ್ಟು, ಕೊನೆಯ ಗಳಿಗೆಯಲ್ಲಿ ಯಾರ ಹೆಸರು ಹೊಡೆದು ಯಾರದ್ದು ಸೇರಿಸಿದರು. ಮದುಮಗಳ ಹೆಸರಿನ ಮುಂದೆ ಊರು ಎಂಬಲ್ಲಿ ಯಲ್ದೂರು ಎಂದು ಬರೆದು, ಅಡ್ಡಗೆರೆ ಎಳೆದು, ಗಂಡನ ಊರು ಬರೆದಿದ್ದಾರೆ. ಆ ಊರು ಗಡಿಯ ಆಚೆಗಿದೆ.

2025ರ ಜೂನ್ 7ರಂದು ಚಿತ್ತೂರು ಜಿಲ್ಲಾಡಳಿತ ಹೊರರಾಜ್ಯದ ತೋತಾಪುರಿ ಮಾವು ತನ್ನ ಜಿಲ್ಲೆಗೆ ಬರುವಂತಿಲ್ಲ ಎಂದು ಆದೇಶ ಹೊರಡಿಸಿತು. ಶ್ರೀನಿವಾಸಪುರದ ತೋತಾಪುರಿ ಬಹಳ ಕಾಲದಿಂದ ಹೋಗುವುದು ಅಲ್ಲಿನ ತಿರುಳು ಕಾರ್ಖಾನೆಗಳಿಗೆ. ಅಲ್ಲಿಯೂ ಬೆಲೆ ನೆಲಕಚ್ಚಿತ್ತು, ತನ್ನ ರೈತರನ್ನು ಉಳಿಸಿಕೊಳ್ಳುವ ಒತ್ತಡ ಆ ಸರ್ಕಾರಕ್ಕಿತ್ತು; ಕಾರ್ಖಾನೆಯವರು ಕಿಲೋಗೆ 8 ರೂಪಾಯಿ ಕೊಡಬೇಕು, ಮೇಲೆ 4 ರೂಪಾಯಿ ಸರ್ಕಾರ ಸೇರಿಸುತ್ತದೆ ಎಂಬ ಏರ್ಪಾಡು ಮಾಡಿತ್ತು. ಗಡಿಯ ಗೇಟುಗಳಲ್ಲಿ ಹಲವು ಇಲಾಖೆಗಳ ತಂಡಗಳು ನಿಂತವು. ಮುಖ್ಯಮಂತ್ರಿ ಸಿದ್ದರಾಮಯ್ಯ ನಿಷೇಧ ತೆಗೆಯುವಂತೆ ಚಂದ್ರಬಾಬು ನಾಯ್ಡು ಅವರಿಗೆ ಪತ್ರ ಬರೆದರು. ಆ ದಿನಗಳಲ್ಲಿ ಗೇಟಿನಲ್ಲಿ ನಿಂತ ಗಾಡಿಗಳ ಕಾಗದ ಸರಿಯಾಗಿತ್ತೇ ಎಂದು ಯಾರೂ ಕೇಳಲಿಲ್ಲ. ಸುಗ್ಗಿಯ ವ್ಯಾಪಾರಕ್ಕೆಂದು ಕಾಯ್ದೆಯೇ ಹೆಸರಿಟ್ಟು ಕೊಟ್ಟ ರಹದಾರಿ ಇದ್ದರೂ, ಎನ್.ಪಿ. ಇದ್ದರೂ, ಮೂರು ಸಾವಿರ ಕಿಲೋದ ವಿನಾಯಿತಿ ಇದ್ದರೂ ಪರಿಣಾಮ ಒಂದೇ. ಕೇಳಿದ್ದು ಹಣ್ಣು ಯಾವ ಊರಿನದು ಎಂದು.

ಮಾವನ ಪಿಕಪ್ಪು ಆ ವಾರ ಮನೆಯ ಮುಂದೆಯೇ ನಿಂತಿತ್ತು. ಪೋನಿನಲ್ಲಿ ಕೇಳಿದಾಗ, "ಕಾಗದ ಎಲ್ಲಾ ಕರೆಕ್ಟಾಗೈತೆ ಕಣಮ್ಮ" ಎಂದಷ್ಟೇ ಹೇಳಿದರು.

ಈ ಬರಹ ಓದುತ್ತಿರುವವರಲ್ಲಿ ಗಡಿ ಜಿಲ್ಲೆಗಳವರು ಇರುತ್ತೀರಿ. ನಿಮ್ಮ ಮನೆಯ ಅಟ್ಟದಲ್ಲೋ ಹಳೆಯ ಗಾಡಿಯ ಡ್ಯಾಶ್‌ಬೋರ್ಡಿನಲ್ಲೋ ಅವಧಿ ಮುಗಿದ ಟಿ.ಪಿ.ಗಳು, ತೆರಿಗೆ ರಸೀದಿಗಳು, ಮದುವೆ ಬಸ್ಸಿನ ಪಟ್ಟಿಗಳು ಇದ್ದರೆ ರದ್ದಿಗೆ ಹಾಕುವ ಮೊದಲು ಒಂದು ಫೋಟೋ ತೆಗೆದಿಡಿ. ಹಿಂಬದಿಯನ್ನೂ ತೆಗೆಯಿರಿ. ಮಾವನ ಕಟ್ಟಿನಲ್ಲಿ ಡೀಸೆಲ್ಲಿನ ಲೆಕ್ಕ, ಕೂಲಿಯ ಲೆಕ್ಕ, ಗೇಟಿನ ಲೆಕ್ಕ ಎಲ್ಲ ಇದ್ದದ್ದು ಅಲ್ಲೇ, ಪೆನ್ಸಿಲಿನಲ್ಲಿ.